ಅಂಗಡಿಗೆ ಹೋದರೆ ವಾಸಿಯಾಗುವ ಲ್ಯಾಪ್‌ಟಾಪ್

ನನಗೆ ಸಿಟ್ಟು ಬೇಗ ಬರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಬಾರದೆ ಇನ್ನಾರಿಗೆ ಬರಬೇಕು? ಮನುಷ್ಯರ ಮೇಲೆ ಬಂದರೆ ಕೂಗಾಡಿ ಹಗುರಾಗಬಹುದು. ಲ್ಯಾಪ್‌ಟಾಪಿನ ಮೇಲೆ ಬಂದರೆ ಏನು ಮಾಡುವುದು? ಕುಂಬಾರವಾಡದ ನನ್ನ ಬಾಡಿಗೆ ಮನೆಯಲ್ಲಿ ಅರ್ಧ ದಿನ ಚಾರ್ಜಿಗೆ ಹಾಕಿದರೂ ಆ ದರಿದ್ರದ್ದು ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಶನಿವಾರದೊಳಗೆ ಹತ್ತನೆಯ ತರಗತಿಯ ಆಂತರಿಕ ಅಂಕಗಳನ್ನೆಲ್ಲ ಅದರಿಂದಲೇ ಕಳಿಸಬೇಕಿತ್ತು. ತಪ್ಪಿದರೆ ಮಕ್ಕಳ ಫಲಿತಾಂಶ ನಿಲ್ಲುತ್ತದೆ.

"ಕರೆಂಟ್ ಹೋಗಿರಬೇಕು ನೋಡ್ರಿ" ಎಂದಳು ಹೆಂಡತಿ.

"ತಲಿ ಮ್ಯಾಲೆ ಫ್ಯಾನ್ ತಿರಗಾಕತ್ತೈತಿ, ಕಾಣಂಗಿಲ್ಲೇನ?" ಎಂದು ಅವಳ ಮೇಲೂ ಹರಿಹಾಯ್ದೆ.

ಮಂಗಳವಾರ ಬೆಳಗಿನ ಬಸ್ಸು ಹಿಡಿದು ದಾಂಡೇಲಿಗೆ ಹೋದೆ. ರಿಪೇರಿ ಅಂಗಡಿಯ ಇಮ್ತಿಯಾಜ್ ಹಿಂದೆ ಹಳಿಯಾಳದಲ್ಲಿ ನನ್ನ ಕೈಯಲ್ಲೇ ಕಲಿತವನು. ಕಲಿತವನು ಎಂದರೆ ಅತಿಯಾಯಿತು. ಒಂದು ಸಣ್ಣ ಪ್ರಶ್ನೆಗೆ ಉತ್ತರ ಬಾರದೆ ಇಡೀ ಪೀರಿಯಡ್ ಬೆಂಚಿನ ಮೇಲೆ ನಿಂತವನು. ತನ್ನ ಅಂಗಡಿಯ ಚಾರ್ಜರ್ ಹಾಕಿದ, ಗಂಟೆಗಟ್ಟಲೆ ಓಡಿಸಿದ. "ಬ್ಯಾಟರಿ ಗಟ್ಟಿ ಐತ್ರಿ ಸರ್, ಏನೂ ಆಗಿಲ್ಲ" ಎಂದ. ಮನೆಗೆ ತಂದು ಸಂಜೆಯೆಲ್ಲ ಚಾರ್ಜಿಗೆ ಹಾಕಿದರೆ ಮರುದಿನ ಮತ್ತೆ ಹತ್ತೇ ನಿಮಿಷ.

ಗುರುವಾರ ಮತ್ತೆ ಹೋದೆ. ಅಲ್ಲಿ ಮತ್ತೆ ಗುಂಡುಕಲ್ಲಿನಂತೆ ಗಟ್ಟಿ.

"ಸರ್, ನಿಮ್ಮ ಚಾರ್ಜರ್ ಒಮ್ಮಿ ತರ್ರಿ" ಎಂದ.

"ರೋಗಿನ್ನ ಬಿಟ್ಟು ಅವನ ಊಟದ ತಾಟು ನೋಡ್ತೀಯೇನಲೇ?" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನೂ ಬಿಗಿದೆ. ಗಿರಾಕಿಗಳು ತಿರುಗಿ ನೋಡಿದರು. ಅವನು ತಲೆ ತಗ್ಗಿಸಿಕೊಂಡು ನಕ್ಕ.

ಶನಿವಾರ ಬೇರೆ ದಾರಿಯಿಲ್ಲದೆ ಚಾರ್ಜರ್ ಒಯ್ದೆ. ಇಮ್ತಿಯಾಜ್ ಸುತ್ತಿದ್ದ ವೈರು ಬಿಚ್ಚುತ್ತ ಬಿಚ್ಚುತ್ತ ಪ್ಲಗ್ಗಿಗೆ ಬಂದು ನಿಂತ. ಮೂರು ಪಿನ್ ಇರಬೇಕಾದಲ್ಲಿ ಎರಡೇ ಇದ್ದವು. ಮೂರನೆಯದರ ಜಾಗದಲ್ಲಿ ಒಂದು ಮೋಟು.

ನನಗೆ ಆಗ ನೆನಪಾಯಿತು. ನಮ್ಮ ಸ್ಟಾಫ್ ರೂಮಿನ ಬೋರ್ಡಿಗೆ ಎರಡೇ ತೂತು. ಪ್ಲಗ್ಗು ಕೂರಲೊಲ್ಲದು ಎಂದು ಸಿಟ್ಟಿನಲ್ಲಿ ಗರಗಸದ ಬ್ಲೇಡಿನಿಂದ ಮೂರನೆಯ ಪಿನ್ನನ್ನು ನಾನೇ ಕುಯ್ದಿದ್ದೆ. ಅಂದಿನಿಂದ ಮನೆಯ ಬೋರ್ಡಿನಲ್ಲಿ ಅದು ಜೋಲುತ್ತಿತ್ತು. ಬೀಳದಿರಲೆಂದು ಕೆಳಗೆ ಬೆಂಕಿಪೊಟ್ಟಣ ಒತ್ತಿಡುತ್ತಿದ್ದೆ.

"ಕರೆಂಟ್ ಬರ್ತೈತಿ, ಹೋಗ್ತೈತಿ. ಬ್ಯಾಟರಿ ಹೆಂಗ ತುಂಬಬೇಕ್ರಿ?" ಎಂದು ಹೊಸ ವೈರು ಹಾಕಿದ. "ಅಂಕ ಇಲ್ಲೇ ಕುಂತು ಕಳಸ್ರಿ" ಎಂದು ಸ್ಟೂಲನ್ನೂ ಕೊಟ್ಟ. ಮಧ್ಯಾಹ್ನದೊಳಗೆ ಎಲ್ಲ ಮಕ್ಕಳ ಅಂಕಗಳೂ ಹೋದವು.

ಆಮೇಲೆ ಇಮ್ತಿಯಾಜ್ ಮೆಲ್ಲಗೆ, "ಸಿಟ್ಟಾಗಬ್ಯಾಡ್ರಿ ಸರ್. ಅರ್ಥಿಂಗ್ ಪಿನ್ ಉಳದ ಎರಡಕ್ಕಿಂತ ಉದ್ದ, ದಪ್ಪ ಯಾಕ ಇರ್ತೈತ್ರಿ?" ಎಂದ. ಅವನನ್ನು ಬೆಂಚು ಹತ್ತಿಸಿದ್ದ ಪ್ರಶ್ನೆ ಅದೇ.

ನಾನು ಸ್ಟೂಲಿನಿಂದ ಎದ್ದು ನಿಂತೆ.

"ಅಯ್ಯ, ಕುಂದರ್ರಿ ಸರ್" ಎಂದ.

"ಪೀರಿಯಡ್ ಮುಗೀಲಿ ತಡಿಯಪಾ" ಎಂದೆ.