ನಡುಮನೆಯಲ್ಲಿ ಮುಷ್ಟಿಯುದ್ಧ

ದಂತವೈದ್ಯನೊಬ್ಬ ಗೆಳೆಯನಾಗಿದ್ದರೆ ಹಲ್ಲಿನ ಚಿಕಿತ್ಸೆ ಪುಕ್ಕಟೆ ಎಂದು ನೀವು ತಿಳಿದಿದ್ದರೆ, ದಯವಿಟ್ಟು ಆ ಭ್ರಮೆಯನ್ನು ಬಿಡಿ. ಪುಕ್ಕಟೆಯಾಗಿ ಸಿಗುವುದು ಚಿಕಿತ್ಸೆಯಲ್ಲ, ಅವನ ಮನೆಯಲ್ಲಿ ಯಾರಿಗೂ ಬೇಡವಾದ ಸಾಮಾನು. ಮೀನಿಲ್ಲದ ಮೀನಿನ ತೊಟ್ಟಿ, ಇದ್ದಲ್ಲೇ ತುಳಿಯುವ ಸೈಕಲ್ಲು (ಅದರ ಮೇಲೆ ಈಗ ನನ್ನ ಹೆಂಡತಿ ಟವೆಲ್ ಒಣಹಾಕುತ್ತಾಳೆ), ಹೀಗೆ ಒಂದೊಂದಾಗಿ ನಮ್ಮ ಮನೆ ಸೇರಿವೆ. ಒಂದು ಭಾನುವಾರ ಮಧ್ಯಾಹ್ನ ಅವನು ಮತ್ತೊಂದು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ.

ಅದು ಟಿವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ. ಜೊತೆಗೆ ಅಂಗೈಗೆ ಹಿಡಿಯುವಂಥ ಎರಡು ಕೋಲು. ಕೋಲು ಹಿಡಿದು ನಾವು ಕೈ ಬೀಸಿದರೆ ಟಿವಿಯೊಳಗಿನ ಗೊಂಬೆಯೂ ಬೀಸುತ್ತದೆ. ಟೆನಿಸ್ಸು, ಬೌಲಿಂಗು, ಬಾಕ್ಸಿಂಗು, ಎಲ್ಲವೂ ಅದರೊಳಗಿದ್ದವು. ಮಕ್ಕಳ ಭಯ ಹೋಗಲೆಂದು ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಇಟ್ಟಿದ್ದನಂತೆ. ಭಯವೇನೋ ಹೋಯಿತು, ಆದರೆ ಮಕ್ಕಳು ಆಟ ಬಿಟ್ಟು ಹಲ್ಲು ತೋರಿಸಲು ಒಳಗೆ ಬರುವುದನ್ನೇ ನಿಲ್ಲಿಸಿದರಂತೆ. ಒಂದು ಮಗು ಬೀಸಿದ ಏಟಿಗೆ ಅದರ ತಂದೆಯ ಹಲ್ಲೊಂದು ಅಲ್ಲಾಡಿತಂತೆ. (ಆ ಹಲ್ಲನ್ನು ಇವನೇ ಕಿತ್ತ. ವ್ಯಾಪಾರದ ದೃಷ್ಟಿಯಿಂದ ಪೆಟ್ಟಿಗೆಯನ್ನು ಅಲ್ಲೇ ಇಟ್ಟುಕೊಳ್ಳಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.)

ಅವನ ಹಿಂದೆಯೇ ನಮ್ಮ ಇನ್ನೊಬ್ಬ ಗೆಳೆಯ, ಬಸ್ ಡ್ರೈವರ್, ಮೈ ಓರೆ ಮಾಡಿಕೊಂಡು ಒಳಗೆ ಬಂದ. ನೇರವಾಗಿ ಬಂದರೆ ಅವನು ಬಾಗಿಲಲ್ಲಿ ಹಿಡಿಸುವುದಿಲ್ಲ.

"ಬೇಡ್ರೀ," ಎಂದಳು ಹೆಂಡತಿ ಮೆಲ್ಲಗೆ. "ಅಮ್ಮ ಒಳಗಿದ್ದಾರೆ."

ಅಮ್ಮ ಎಂದರೆ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅವರನ್ನು ನಮ್ಮ ಮನೆಗೆ ಕರೆತಂದಿದ್ದೆವು. ಬಂದವರು ಮೂಲೆಯ ಕೋಣೆ ಸೇರಿಕೊಂಡರು, ಹೊರಗೆ ಬರಲಿಲ್ಲ. ಊಟ ಕೋಣೆಗೇ ಹೋಗುತ್ತಿತ್ತು, ಅರ್ಧ ವಾಪಸ್ಸು ಬರುತ್ತಿತ್ತು. ರೇಡಿಯೊ ಇಟ್ಟೆವು, ಉಲ್ಲನ್ ತಂದುಕೊಟ್ಟೆವು, ಪಾರ್ಕಿಗೆ ಕರೆದೆವು. ಎಲ್ಲಕ್ಕೂ ಒಂದೇ ಉತ್ತರ: "ಬೇಡಮ್ಮ." ನನ್ನ ಜೊತೆಗಂತೂ ಅದೂ ಇಲ್ಲ. ನಾನು ಎದುರಿಗೇ ನಿಂತಿದ್ದರೂ, "ಫ್ಯಾನು ಕಡಿಮೆ ಮಾಡೋಕೆ ನಿನ್ನ ಗಂಡನಿಗೆ ಹೇಳು" ಎಂದು ಮಗಳ ಮೂಲಕವೇ ರಾಯಭಾರ. ತಾಯಿ ಬಿಟ್ಟ ಊಟವನ್ನು ನೋಡಿ ನೋಡಿ ಮಗಳೂ ಊಟ ಬಿಡತೊಡಗಿದ್ದಳು. ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನವರ ಕಣ್ಣೆಲ್ಲ ಸರಿ ಮಾಡುವ ನನಗೆ, ನನ್ನ ಮನೆಯ ಎರಡು ಜೊತೆ ಕಣ್ಣುಗಳನ್ನು ನೋಡುವ ಧೈರ್ಯವೇ ಇರಲಿಲ್ಲ.

"ಒಂದು ಚೂರೂ ಸದ್ದು ಮಾಡಲ್ಲ," ಎಂದು ಮಾತು ಕೊಟ್ಟೆ.

ಮೂರು ಮಂದಿ ಗಂಡಸರು ಸದ್ದಿಲ್ಲದೆ ಟೆನಿಸ್ ಆಡುವುದು ಹೇಗಿರುತ್ತದೆಂದು ನೀವು ನೋಡಬೇಕಿತ್ತು. ಕಳ್ಳರು ಸೊಳ್ಳೆ ಹೊಡೆದಂತೆ! ಡ್ರೈವರ್ ತುಟಿ ಕಚ್ಚಿಕೊಂಡು ಬೀಸಿದ ರಭಸಕ್ಕೆ ದೀಪದ ಬುರುಡೆಯೇ ತೂಗಾಡಿತು. ಆಮೇಲೆ ಬೌಲಿಂಗು. ನನ್ನ ಸರದಿ.

"ಕೋಲಿನ ಪಟ್ಟೀನ ಮಣಿಕಟ್ಟಿಗೆ ಹಾಕ್ಕೋ," ಎಂದ ದಂತವೈದ್ಯ.

"ಪಟ್ಟಿ ಎಲ್ಲ ಮಕ್ಕಳಿಗಪ್ಪಾ," ಎಂದು ಹೇಳಿ, ಮಹಾಯೋಧನ ಗಾಂಭೀರ್ಯದಿಂದ ನಾಲ್ಕು ಹೆಜ್ಜೆ ಓಡಿ ಕೈ ಬೀಸಿದೆ.

ಟಿವಿಯೊಳಗೆ ಚೆಂಡು ಹೋಯಿತು. ಟಿವಿಯ ಹೊರಗೆ ಕೋಲೂ ಹೋಯಿತು. ಸೋಫಾ ದಾಟಿ, ಹೆಂಡತಿಯ ಕಿವಿಯ ಪಕ್ಕದಲ್ಲೇ ಹಾದು, ಅರ್ಧ ತೆರೆದಿದ್ದ ಮೂಲೆಯ ಕೋಣೆಯ ಬಾಗಿಲಿನೊಳಕ್ಕೆ ಹಾರಿತು. ಏನಾದರೂ ಒಡೆದ ಸದ್ದು ಬಂದಿದ್ದರೆ ಸಮಾಧಾನವಾಗುತ್ತಿತ್ತು. ಏನೂ ಬರಲಿಲ್ಲ.

"ಅಮ್ಮಾ!" ಎಂದು ಹೆಂಡತಿ ಓಡುವಷ್ಟರಲ್ಲಿ ಬಾಗಿಲು ಪೂರ್ತಿ ತೆರೆಯಿತು. ಅತ್ತೆ ನಿಂತಿದ್ದರು. ಕೈಯಲ್ಲಿ ಕೋಲು.

"ದಿಂಬಿನ ಮೇಲೆ ಬಂದು ಬಿತ್ತು. ಯಾರದಿದು?"

ಡ್ರೈವರ್ ನನ್ನನ್ನು ತೋರಿಸಿದ. ದಂತವೈದ್ಯ ಗಾಬರಿಯಲ್ಲಿ ತನ್ನ ಕೈಯ ಕೋಲಿನ ಗುಂಡಿಗಳನ್ನೆಲ್ಲ ಒತ್ತಿಬಿಟ್ಟಿದ್ದ. ಬೌಲಿಂಗು ಹೋಗಿ ಬಾಕ್ಸಿಂಗು ಬಂದಿತ್ತು. ಪರದೆಯ ಮೇಲೆ ಎರಡು ಗೊಂಬೆಗಳು ಮುಷ್ಟಿ ಹಿಡಿದು ಕುಣಿಯುತ್ತಿದ್ದವು. ಅತ್ತೆ ಅದನ್ನು ನೋಡಿದರು. ನೋಡುತ್ತಲೇ ನಿಂತರು.

"ನೀವೂ ಒಂದು ಕೈ ನೋಡಿ, ಅಮ್ಮಾ," ಎಂದ ಡ್ರೈವರ್. ತುಂಬಿದ ಬಸ್ಸಿನಲ್ಲಿ ದಿನವಿಡೀ ಬೈಸಿಕೊಳ್ಳುವವನಿಗೆ ಯಾರ ಹೆದರಿಕೆ?

"ನನಗೇನು ಬರುತ್ತೆ?"

"ಬರೋದೇನಿದೆ? ಗುದ್ದಿದ್ರೆ ಆಯ್ತು."

"ಎದುರಿಗಿರೋ ಗೊಂಬೆ ಯಾರು?"

"ನಿಮ್ಮ ಅಳಿಯ."

ಅತ್ತೆ ಗೊಂಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು (ನಾನೇ ಮಾಡಿಕೊಟ್ಟದ್ದು) ಮಗಳ ಕೈಗೆ ಕೊಟ್ಟರು.

ದಂತವೈದ್ಯ ಇನ್ನೊಂದು ಕೋಲನ್ನು ನನ್ನ ಕೈಗೆ ತುರುಕಿದ. ಟಿವಿಯೊಳಗೆ ಗಂಟೆ ಹೊಡೆಯಿತು. ಮೊದಲ ಗುದ್ದು ಗಾಳಿಗೆ ಹೋಯಿತು. ಎರಡನೆಯದು ನನ್ನ ಗೊಂಬೆಯ ಮೂಗಿಗೆ ಬಿತ್ತು. ಆಮೇಲಿನವನ್ನು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೊಂಬೆ ತೂರಾಡಿ ದೊಪ್ಪನೆ ಬಿತ್ತು.

"ಅಯ್ಯೋ, ಯಾಕೆ ಮಲಗಿಬಿಟ್ಟ?"

"ಸುಸ್ತಾಗಿದೆ, ಅಮ್ಮಾ. ಎದ್ದೇಳ್ತಾನೆ."

"ಎದ್ದ ಮೇಲೆ ಮತ್ತೆ ಹೊಡೀಬಹುದಾ?"

"ಧಾರಾಳವಾಗಿ!"

ಆಗ ಅತ್ತೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಕೊನೆಗೆ ಮೈಯೆಲ್ಲ ಕುಲುಕಿಸಿಕೊಂಡು. ನಕ್ಕ ಸುಸ್ತಿಗೆ ಸೋಫಾದ ತೋಳನ್ನು ಹಿಡಿದುಕೊಂಡರು, ಆದರೆ ಇನ್ನೊಂದು ಕೈ ಗುದ್ದುವುದನ್ನು ಬಿಡಲಿಲ್ಲ.

ಹೆಂಡತಿ ನನ್ನ ಹಿಂದೆ ಬಂದು ನಿಂತಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. "ರೀ," ಎಂದಳು, ಧ್ವನಿ ಒಡೆದಿತ್ತು. "ಸೋತುಬಿಡ್ರೀ."

ಅವಳ ಮಾತಿಗಾಗಿ ನಾನು ಬೇಕೆಂದೇ ಸೋತೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ನಿಮ್ಮಲ್ಲಿ ಮುಚ್ಚುಮರೆ ಯಾಕೆ? ಜೀವದ ಹಂಗು ತೊರೆದು ಆಡಿದೆ. ಮುಖ ಮುಚ್ಚಿಕೊಂಡೆ, ಬಗ್ಗಿದೆ, ಒಂದು ಸಲ ಕಣ್ಣು ಮುಚ್ಚಿಕೊಂಡು ಗುದ್ದಿಯೂ ನೋಡಿದೆ. ಡ್ರೈವರ್ ಬದಿಗೆ ಸರಿಯದಿದ್ದರೆ ದಂತವೈದ್ಯನಿಗೆ ಇನ್ನೊಂದು ಹಲ್ಲಿನ ಕೆಲಸ ಸಿಗುತ್ತಿತ್ತು. ಆದರೂ ಅತ್ತೆಯ ಮುಂದೆ ನನ್ನ ಗೊಂಬೆ ನೆಟ್ಟಗೆ ನಿಂತದ್ದಕ್ಕಿಂತ ನೆಲದ ಮೇಲಿದ್ದದ್ದೇ ಹೆಚ್ಚು.

"ಕೈ ಎತ್ಕೊಳ್ಳಿ, ಮುಖ ತೆರೆದು ಬಿಟ್ಟಿದ್ದೀರಲ್ಲ!" ಎಂದರು ಅತ್ತೆ, ನೇರವಾಗಿ ನನಗೇ. ರಾಯಭಾರವಿಲ್ಲದೆ ಅವರು ನನಗೆ ಆಡಿದ ಮೊದಲ ಮಾತು ಅದು. ಮರುಕ್ಷಣವೇ ಮತ್ತೊಂದು ಗುದ್ದು ಬಿತ್ತು.

ಅಂದು ಸಂಜೆ ಅತ್ತೆ ಎಲ್ಲರ ಜೊತೆ ಮೇಜಿನ ಮುಂದೆ ಕುಳಿತು ಊಟ ಮಾಡಿದರು. ಡ್ರೈವರ್ ಬಡಿಸಿಕೊಂಡಷ್ಟು ಸಲವೂ ತಾವೂ ಒಂದಿಷ್ಟು ಬಡಿಸಿಕೊಂಡರು. ಹೆಂಡತಿ ಮಾತ್ರ ನೀರು ತರುತ್ತೇನೆಂದು ಮತ್ತೆ ಮತ್ತೆ ಒಳಗೆ ಹೋಗಿ, ಕೆಂಪು ಕಣ್ಣು ಮಾಡಿಕೊಂಡು, ನೀರಿಲ್ಲದೆ ವಾಪಸ್ಸು ಬರುತ್ತಿದ್ದಳು.

ಗೇಟಿನ ಹತ್ತಿರ ಗೆಳೆಯರಿಗೆ ಏನಾದರೂ ಹೇಳಬೇಕೆಂದುಕೊಂಡೆ. "ನೀವಿಬ್ಬರೂ ಇವತ್ತು..." ಎಂದು ಶುರು ಮಾಡಿದೆ. ಡ್ರೈವರ್ ನನ್ನ ಬೆನ್ನಿಗೊಂದು ಏಟು ಹಾಕಿ, "ಬಿಡಯ್ಯಾ, ನಾಳೆ ಬೆಳಿಗ್ಗೆ ಮೊದಲ ಬಸ್ಸು ನಂದೇ," ಎಂದ. ಅವನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದು ಅವನು ತಿಳಿದುಕೊಂಡಿದ್ದಾನೆ.

"ಪೆಟ್ಟಿಗೆ ವಾಪಸ್ ತಗೊಂಡು ಹೋಗ್ಲಾ?" ಎಂದು ದಂತವೈದ್ಯ ಕೇಳಿದ.

"ಮುಟ್ಟಿ ನೋಡಿ!" ಎಂದಳು ಹಿಂದಿನಿಂದ ನನ್ನ ಹೆಂಡತಿ.

ಮುಂದಿನ ಭಾನುವಾರ ಬಾಗಿಲು ತೆರೆದರೆ ಇಬ್ಬರೂ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. "ಅಮ್ಮ ಇದ್ದಾರಾ?" ನನ್ನ ಗೆಳೆಯರು, ನನ್ನ ಮನೆ, ನನ್ನ ಟಿವಿ. ಆದರೂ ಆಡುವವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನಾನು ಟೀ ಮಾಡಿದೆ. ಟೀ ಚೆನ್ನಾಗಿಲ್ಲವೆಂದು ಎಲ್ಲರೂ ಒಮ್ಮತದಿಂದ ಹೇಳಿದರು.

ಅವರು ಹೋದ ಮೇಲೆ ಫೋನು ಬಂತು. ಹೆಂಡತಿಯ ಅಣ್ಣ. ಅವನ ಮನೆಯಲ್ಲಿ ಮಹಡಿಯ ಕೋಣೆ ಸಿದ್ಧವಾಗಿದೆಯಂತೆ, ಗಾಳಿ ಬೆಳಕು ಚೆನ್ನಾಗಿದೆಯಂತೆ, ಅಮ್ಮನನ್ನು ಬಂದು ಕರೆದುಕೊಂಡು ಹೋಗುತ್ತಾನಂತೆ. ಹೆಂಡತಿಯ ಮುಖ ಸಣ್ಣದಾಯಿತು. ನಂಬುತ್ತೀರೋ ಇಲ್ಲವೋ, ನನ್ನದೂ ಆಯಿತು. ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಲು ಬರದೆ ಖಾಲಿ ಲೋಟಗಳನ್ನು ಜೋಡಿಸುತ್ತಾ ನಿಂತೆ.

"ಇಲ್ಲ ಕಣೋ, ನಾನು ಇಲ್ಲೇ ಇರ್ತೀನಿ," ಎಂದರು ಅತ್ತೆ, ಮಗಳ ಕೈಯಿಂದ ಫೋನು ತೆಗೆದುಕೊಂಡು. "ನಿನ್ನ ಮನೇಲಿ ಎಲ್ಲಾ ಇದೆ, ಒಪ್ಪಿದೆ. ಆದ್ರೆ ಹೊಡೆಯೋಕೆ ಅಳಿಯ ಎಲ್ಲಿದ್ದಾನೆ?"

ಫೋನು ಕೆಳಗಿಟ್ಟು ಸೆರಗು ಬಿಗಿದುಕೊಂಡು ನನ್ನ ಕಡೆ ತಿರುಗಿದರು.

"ಲೋಟ ಆಮೇಲೆ ತೊಳೆದ್ರಾಯ್ತು ಬನ್ನಿ. ಊಟಕ್ಕೆ ಮುಂಚೆ ನಿಮ್ಮನ್ನ ಒಂದು ಸಲ ಬೀಳಿಸಿಬಿಡ್ತೀನಿ."

ಇಷ್ಟು ಸಂತೋಷದಿಂದ ಏಟು ತಿನ್ನಲು ಹೊರಟ ಅಳಿಯ ಲೋಕದಲ್ಲಿ ಇನ್ನೊಬ್ಬನಿರಲಾರ.