ಹಗುರ ರಿವಾಲ್ವರು ಮತ್ತು ನೀಲವ್ವನ ಎಡಗಿವಿ

ಮನುಷ್ಯನ ಬುದ್ಧಿ ಎತ್ತಿನ ಹೆಗಲ ಮೇಲೆ ಇರುವವರೆಗೆ ನೆಟ್ಟಗಿರುತ್ತದೆ. ಅವನ ಸ್ವಂತ ಸೊಂಟಕ್ಕೆ ಇಳಿಯಿತೋ, ಕೆಟ್ಟಿತು. ಇದು ಎಲ್ಲರಿಗೂ ಒಪ್ಪುವ ಮಾತೋ ಇಲ್ಲವೋ ಗೊತ್ತಿಲ್ಲ, ನನ್ನ ಮಟ್ಟಿಗೆ ನಿಜ. ನಮ್ಮ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಭಾರದ ನೇಗಿಲು ಎಳೆಯಲು ಎತ್ತಿನ ಹೆಗಲು ಎಷ್ಟು ಅಗಲ ಇರಬೇಕು, ಕಾಲೆಲುಬು ಎಷ್ಟು ದಪ್ಪ ಇರಬೇಕು ಎಂದು ದನದ ಸಂತೆಯಲ್ಲಿ ದೂರದಿಂದಲೇ ಹೇಳಬಲ್ಲೆ. ನಮ್ಮೂರು ಶಲವಡಿಯಲ್ಲಿ ಎತ್ತು ಕೊಳ್ಳುವವರು ಈಗಲೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಅಂಥ ನಾನು, ತಲೆ ನರೆತ ಮೇಲೆ, ಒಂದು ರಿವಾಲ್ವರು ಆರಿಸುವಾಗ ಹೋರಿಯ ನೊಗವನ್ನು ಆಡಿನ ಕೊರಳಿಗೆ ಕಟ್ಟಿದೆ.

ಹತ್ತಿ ಮಾರಿ ರೊಕ್ಕ ತರುವ ದಾರಿಯಲ್ಲಿ ಜೀವಭಯ ಎಂದು ಲೈಸೆನ್ಸಿನ ಅರ್ಜಿಯಲ್ಲಿ ಬರೆದಿದ್ದೆ. ಆ ದಾರಿಯಲ್ಲಿ ನನ್ನನ್ನು ಅಡ್ಡಗಟ್ಟಿದ್ದು ಒಮ್ಮೆ ಒಂದು ಎಮ್ಮೆ ಮಾತ್ರ. ನಿಜವಾದ ಕಾರಣ ನಮ್ಮ ಬೀಗರು. ಅವರ ಸೊಂಟದಲ್ಲಿ ಒಂದು ರಿವಾಲ್ವರು ಇತ್ತು. ಮದುವೆ ಮನೆಯಲ್ಲಿ ಅವರು ಕೂತರೆ ಅದು ಜಮಖಾನೆಗೆ ತಾಗಿ ಸಣ್ಣಗೆ ಸಪ್ಪಳ ಮಾಡುತ್ತಿತ್ತು. ಆ ಸಪ್ಪಳ ಕೇಳಿದವರು ಅವರಿಗೆ ಎರಡನೆಯ ಸಲ ತುಪ್ಪ ಬಡಿಸುತ್ತಿದ್ದರು.

ಲೈಸೆನ್ಸು ಕೈಗೆ ಬಂದ ಮೇಲೆ ಹುಬ್ಬಳ್ಳಿಗೆ ಹೋದೆವು. ಸೀರೆ ಕೊಳ್ಳುವ ನೆಪದಲ್ಲಿ ನನ್ನ ಹೆಂಡತಿ ನೀಲವ್ವನೂ ಬಂದಳು. ಬಂದೂಕಿನ ಅಂಗಡಿಯ ಮುದುಕ ಸಾಹೇಬರು ಹಳೆಯ ಎರಡು ರಿವಾಲ್ವರು ತೆಗೆದಿಟ್ಟರು. ಎರಡಕ್ಕೂ ಹಾಕುವುದು ಒಂದೇ ಥರದ ದಪ್ಪ ಗುಂಡು. ಒಂದರ ಮೈಕಟ್ಟು ದೊಡ್ಡದು, ಭಾರ. ಇನ್ನೊಂದು ತೆಳ್ಳಗೆ, ಹಗುರ.

“ಗೌಡ್ರ, ಈ ಗುಂಡು ಭಾಳ ಒದೀತೈತ್ರಿ. ಆ ಒದಿ ತಾಳಾಕ ಮೈಭಾರ ಬೇಕು. ದೊಡ್ಡದ ತಗೋರಿ” ಎಂದರು.

ದೊಡ್ಡದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದೆ. ಐದನೆಯ ಹೆಜ್ಜೆಗೆ ಧೋತರ ಇಳಿಯತೊಡಗಿತು. ಎರಡೂ ಕೈಯಿಂದ ಹಿಡಿದುಕೊಂಡೆ.

“ಚರ್ಮದ ಪಟ್ಟಾ ಕಟ್ಟಕೋರಿ, ನಿಂದರತೈತಿ” ಎಂದರು ಸಾಹೇಬರು. ಧೋತರದ ಮೇಲೆ ಪಟ್ಟಾ ಕಟ್ಟಿದರೆ ಲಗ್ನದ ಬ್ಯಾಂಡಿನವನ ಹಾಗೆ ಕಾಣುತ್ತೇನೆ ಎಂದು ನನಗೆ ಅನ್ನಿಸಿತು. ಹಗುರದ್ದನ್ನು ಸಿಕ್ಕಿಸಿಕೊಂಡೆ. ಅಗದಿ ಚೆಂದ ಕೂತಿತು.

ನೀಲವ್ವ ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. “ಹಗರ ಒಳ್ಳಿನ್ಯಾಗ ಭಾರ ಒನಕಿ ಹಾಕಿ ಕುಟ್ಟಿದ್ರ ಒಳ್ಳು ಜಿಗೀತೈತಿ, ಖಾರಾ ಕಣ್ಣಿಗೆ ಬರತೈತಿ. ಬ್ಯಾಡ್ರಿ.”

“ಇದೇನ ಮೆಣಸಿನಕಾಯಿ ಕುಟ್ಟೂದಲ್ಲ. ನಿನ್ನ ಸೀರಿ ನೀ ನೋಡಕೋ ಹೋಗು” ಎಂದೆ.

“ಅಕ್ಕಾರು ಹೇಳೂದು ಖರೆ ಐತ್ರಿ” ಎಂದರು ಸಾಹೇಬರು. ಇಬ್ಬರೂ ಸೇರಿ ನನ್ನ ಧೋತರವನ್ನೇ ಆಡಿಕೊಳ್ಳುತ್ತಿದ್ದಾರೆ ಎನ್ನಿಸಿ ಹಗುರದ್ದಕ್ಕೇ ರೊಕ್ಕ ಎಣಿಸಿದೆ. ಊರಲ್ಲಿ ಕೇಳಿದವರಿಗೆಲ್ಲ, ಇದು ಹೊಸ ಮಾದರಿ, ದೊಡ್ಡ ಸಾಹೇಬರೆಲ್ಲ ಈಗ ಇಂಥದ್ದನ್ನೇ ಇಟ್ಟುಕೊಳ್ಳುತ್ತಾರೆ ಎಂದು ಹೇಳಿದೆ.

ಮಹಾನವಮಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಕುಡುಗೋಲು, ಕುರುಪಿಗಳ ನಡುವೆ ಅದನ್ನೂ ಇಟ್ಟು ಕುಂಕುಮ ಹಚ್ಚಿದೆವು. ಆ ಹಬ್ಬಕ್ಕೆ ನೀಲವ್ವನ ತಮ್ಮ ಶಿವಪ್ಪ ಬಂದಿದ್ದ. “ಮಾವಾರ, ಬರೇ ಕುಂಕುಮ ಹಚ್ಚಿ ಇಡಾಕ ತಂದೀರೇನು? ಒಂದರೆ ಹಾರಿಸಿ ತೋರಸ್ರಿ. ಇಲ್ಲಾಂದ್ರ ಅಕ್ಕಗ ಕೊಡ್ರಿ, ಲಟ್ಟಣಿಗಿ ಮಾಡಕೊಳ್ಳಲಿ” ಎಂದ. ಎಲ್ಲರೂ ನಕ್ಕರು. ನಾನು ಹಿತ್ತಲಿಗೆ ನಡೆದೆ. ಮನೆಯ ಹಿಂಗೋಡೆಗೆ ಬೆನ್ನು ಮಾಡಿ ನಿಂತು, ಬಣವೆಗೆ ಆನಿಸಿಟ್ಟ ಒಡಕು ಗಡಿಗೆಗೆ ಗುರಿ ಹಿಡಿದೆ. ಆರತಿ ತಾಟು ಕೆಳಗಿಡಲೂ ಪುರುಸೊತ್ತಿಲ್ಲದೆ ನೀಲವ್ವ ನನ್ನ ಬಲಕ್ಕೆ ಬಂದು ನಿಂತು, “ಬ್ಯಾಡ್ರಿ” ಎಂದಳು. ಅಂಗಡಿಯಲ್ಲಿ ಹೇಳಿದ್ದ ಅದೇ ಮಾತು.

ಮೊದಲ ಗುಂಡು ಎಲ್ಲಿಗೆ ಹೋಯಿತೋ ಇಂದಿಗೂ ತಿಳಿಯದು. ಗಡಿಗೆ ಹಾಗೆಯೇ ಇತ್ತು. ರಿವಾಲ್ವರು ಒದ್ದ ರಭಸಕ್ಕೆ ನನ್ನ ಕೈ ಮೇಲಕ್ಕೆ, ಬಲಕ್ಕೆ, ಹಿಂದಕ್ಕೆ ಹಾರಿತು. ಜಾರುತ್ತಿದ್ದುದನ್ನು ಬಿಗಿಯಾಗಿ ಹಿಡಿಯಲು ಹೋದಾಗ ಟ್ರಿಗರಿನ ಮೇಲಿನ ಬೆರಳೂ ಬಿಗಿಯಿತು. ಎರಡನೆಯ ಗುಂಡು ನೀಲವ್ವನ ಎಡಗಿವಿಯ ಪಕ್ಕದಿಂದ ಹಾದು ಗೋಡೆಯ ಮಣ್ಣಿನಲ್ಲಿ ಹೊಕ್ಕಿತು. ಅವಳು ಹಾಗೇ ನಿಂತಿದ್ದಳು. ಮುಖದ ಮೇಲೆ ಮಣ್ಣಿನ ಪುಡಿ.

“ತಾಟು ಬಿತ್ತು ನೋಡ್ರಿ” ಎಂದಳು. ಬಹಳ ಗಟ್ಟಿಯಾಗಿ ಹೇಳಿದಳು. ತನ್ನ ದನಿ ತನಗೆ ಕೇಳಿರಲಿಲ್ಲ.

ಬಲಗಿವಿ ಎರಡು ದಿನಕ್ಕೆ ತಿಳಿಯಾಯಿತು. ಎಡಗಿವಿ ಮುಗಿಯಿತು ಎಂದರು ಹುಬ್ಬಳ್ಳಿಯ ಡಾಕ್ಟರು. ರಿವಾಲ್ವರನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದೆ, ಮತ್ತೆ ಕೇಳಲು ಹೋಗಲಿಲ್ಲ. “ನಾ ಹೇಳಿರಲಿಲ್ಲೇನು” ಎಂದು ನೀಲವ್ವ ಒಮ್ಮೆ ಅಂದಿದ್ದರೆ ನಾನು ಜಗಳ ಮಾಡಿ ಅರ್ಧ ಪಾಪ ಕಳೆದುಕೊಳ್ಳುತ್ತಿದ್ದೆ. ಅವಳು ಅನ್ನಲಿಲ್ಲ. ಇಂಥ ಹಗುರದ್ದನ್ನೇಕೆ ಕೊಂಡರು ಎಂದು ಶಿವಪ್ಪ ಕೇಳಿದಾಗ, “ಅಂಗಡ್ಯಾಗ ಅದೊಂದಽ ಇತ್ತಪಾ, ಅವರರೆ ಏನ ಮಾಡ್ಯಾರು” ಎಂದಳು. ಧೋತರದ ವಿಷಯ ತವರಿನವರ ಮುಂದೆ ಕೂಡ ಬಾಯಿ ಬಿಡಲಿಲ್ಲ. ಗೋಡೆಯಲ್ಲಿ ಗುಂಡು ಮಾಡಿದ ತೂತಿಗೆ ಒಂದು ಗೂಟ ಬಡಿದು ನನ್ನ ಅಂಗಿ ತೂಗುಹಾಕುತ್ತಾಳೆ. ದಿನಾ ಬೆಳಿಗ್ಗೆ ಹೊಲಕ್ಕೆ ಹೊರಡುವಾಗ ನಾನು ಅಲ್ಲಿಗೇ ಕೈ ಚಾಚಬೇಕು.

ಅಂದಿನಿಂದ ನಾನು ಅವಳ ಎಡಬಾಜುವಿಗೇ ಕೂಡುತ್ತೇನೆ. ಸಂಜೆ ಕಟ್ಟೆಯ ಮೇಲೆ ಅವಳು ಮೆಣಸಿನಕಾಯಿ ತೊಟ್ಟು ಮುರಿಯುವಾಗ, “ತಪ್ಪಾತು, ನೀಲವ್ವಾ” ಎಂದು ಮೆಲ್ಲಗೆ ಅನ್ನುತ್ತೇನೆ. ಅವಳು ತೊಟ್ಟು ಮುರಿಯುತ್ತಲೇ ಇರುತ್ತಾಳೆ. ಅಂದಂತೆಯೂ ಆಯಿತು, ಅನ್ನದಂತೆಯೂ ಆಯಿತು. ಹೀಗೆ ವರ್ಷಗಟ್ಟಲೆ ನಡೆಯಿತು.

ಮೊನ್ನೆ ಅವಳು ಕೈ ನಿಲ್ಲಿಸಿದಳು. “ದಿನಾ ಆ ಕಿವ್ಯಾಗ ಅದೇನೋ ಅಂತೀರಿ. ತುಟಿ ಅಲ್ಲಾಡೂದು ನಂಗ ಕಾಣತೈತಿ. ಏನಿದ್ರೂ ಈ ಬಾಜು ಬಂದ ಹೇಳ್ರಿ.”

ಎದ್ದೆ. ಧೋತರ ಬಿಗಿ ಮಾಡಿಕೊಂಡೆ. ಅವಳನ್ನು ಸುತ್ತಿ ಬಲಗಡೆಗೆ ಬಂದು ಕೂತೆ. ಅವಳು ಕಿವಿಯ ಮೇಲಿನ ಸೆರಗು ಸರಿಸಿ ಕಾದಳು. ಒಳಗೆ ಒಂದು ಭಾರದ ಮಾತಿತ್ತು, ಒಂದು ಹಗುರದ್ದಿತ್ತು.

“ಚಾ ಮಾಡ್ತಿ ಏನು?” ಎಂದೆ.

“ಅಷ್ಟಽ ಏನ್ರಿ?” ಎನ್ನುತ್ತ ಅವಳು ಒಳಗೆ ಹೋದಳು. ಎತ್ತು ಆರಿಸುವುದಿದ್ದರೆ ಈಗಲೂ ನನ್ನನ್ನು ಕರೆಯಿರಿ. ಬೇರೆ ಯಾವುದಕ್ಕೂ ಬೇಡ.