ಬ್ಯಾಡರಹಳ್ಳಿಯ ಬಿಳಿ ಚೌಕ

ಐವತ್ತು ದಾಟಿದ ಗಂಡಸಿಗೆ ಹೊಸದಾಗಿ ಒಂದು ಚಟ ಅಂಟಿಕೊಂಡರೆ ಮನೆಯವರು ಮೊದಮೊದಲು ಸಮಾಧಾನವನ್ನೇ ಪಡುತ್ತಾರೆ. ಸದ್ಯ, ಇಸ್ಪೀಟಲ್ಲ, ಸಿಗರೇಟಲ್ಲ, ಸೈಕಲ್ ತಾನೇ ಅಂತ. ನನ್ನ ಹೆಂಡತಿ ಸರೋಜ ಕೂಡ ಹಾಗೇ ಮೋಸಹೋದಳು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡು ಹೊರಟಾಗ ಪಕ್ಕದ ಮನೆಯವರು "ಮೇಷ್ಟ್ರು ಈ ವಯಸ್ಸಲ್ಲೂ ಎಷ್ಟು ಆಕ್ಟಿವ್ ಆಗಿದಾರೆ ನೋಡಿ" ಎಂದರೆ ಅವಳ ಮುಖ ಅರಳುತ್ತಿತ್ತು. ನಾನು ಸೈಕಲ್ ತುಳಿಯುವುದು ಆರೋಗ್ಯಕ್ಕಲ್ಲ, ಚೌಕಕ್ಕೆ ಎನ್ನುವುದು ಆಗ ಅವಳಿಗೆ ತಿಳಿದಿರಲಿಲ್ಲ.

ಚೌಕ ಎಂದರೇನು ಎಂದು ಹೇಳಿಬಿಡುತ್ತೇನೆ. ನನ್ನ ಫೋನಿನಲ್ಲೊಂದು ಆ್ಯಪ್ ಇದೆ. ಅದು ಇಡೀ ಭೂಮಿಯನ್ನು ಗಣಿತದ ಪುಸ್ತಕದ ಹಾಳೆಯಂತೆ ಚೌಕ ಚೌಕವಾಗಿ ಗೀಚಿಟ್ಟಿದೆ. ಯಾವ ಚೌಕದೊಳಗೆ ಸೈಕಲಿನಲ್ಲಿ ಹೋಗಿ ಬರುತ್ತೇವೋ ಅದಕ್ಕೆ ನೀಲಿ ಬಣ್ಣ ಬರುತ್ತದೆ, ಹೋಗದ ಚೌಕ ಬಿಳಿಯಾಗಿ ಉಳಿಯುತ್ತದೆ. ಇಷ್ಟೇ. ಬಹುಮಾನವಿಲ್ಲ, ಸನ್ಮಾನವಿಲ್ಲ. ಆದರೆ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಇಪ್ಪತ್ತೈದು ವರ್ಷ ಮಕ್ಕಳ ಕೈಯಲ್ಲಿ ನಕ್ಷೆ ತುಂಬಿಸಿ, ಒಂದು ಜಾಗ ಖಾಲಿ ಬಿಟ್ಟವರಿಗೂ ಅರ್ಧ ಅಂಕ ಕಳೆದವನು. ನನ್ನ ನಕ್ಷೆಯಲ್ಲೇ ಬಿಳಿ ಜಾಗ ಉಳಿದರೆ ನಿದ್ದೆ ಹೇಗೆ ಬರಬೇಕು? ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಕೆಂಗೇರಿ ಕಡೆ, ಭಾನುವಾರ ಬೆಳಕು ಹರಿಯುತ್ತಲೇ ಮಾಗಡಿ ರಸ್ತೆ. ಹಾಗೆ ಎರಡು ವರ್ಷ ತುಳಿದೆ.

ಇದರಲ್ಲಿ ಕಷ್ಟವೆಂದರೆ ಚೌಕಗಳಿಗೆ ನಾಚಿಕೆ ಮಾನ ಇಲ್ಲ. ಅವು ಯಾರದೋ ಕಾಂಪೌಂಡಿನೊಳಗೆ, ಯಾರದೋ ತೋಟದೊಳಗೆ ಹೋಗಿ ಕೂತಿರುತ್ತವೆ. ಅನ್ನಪೂರ್ಣೇಶ್ವರಿ ನಗರದ ಆಚೆ ಒಂದು ಲೇಔಟಿನ ಗೇಟಿನಲ್ಲಿ ಕಾವಲುಗಾರ "ಯಾರ್ ಬೇಕು ಸಾರ್?" ಎಂದ. ಯಾರೂ ಬೇಡ, ಹತ್ತು ಮಾರು ಒಳಗೆ ಹೋಗಿ ವಾಪಸ್ ಬರುತ್ತೇನೆ ಎಂದು ನಿಜವನ್ನೇ ಹೇಳಿದೆ. ಅವನು ಕೋಲು ಕೈಗೆತ್ತಿಕೊಂಡ. ಅಂದಿನಿಂದ ಯಾರೇ ಕೇಳಲಿ, "ಸೈಟ್ ನೋಡೋಕೆ ಬಂದೆ" ಎನ್ನುತ್ತೇನೆ. ಈ ಪಶ್ಚಿಮ ಬೆಂಗಳೂರಿನಲ್ಲಿ ಸೈಟ್ ನೋಡಲು ಬಂದವನನ್ನು ಅನುಮಾನಿಸುವವರು ಇನ್ನೂ ಹುಟ್ಟಿಲ್ಲ. ಗೇಟು ತೆರೆಯುತ್ತಾರೆ, ನೀರು ಕೊಡುತ್ತಾರೆ, ಈಶಾನ್ಯ ಯಾವ ಕಡೆ ಎಂದು ತೋರಿಸುತ್ತಾರೆ. ಇಬ್ಬರು ಬ್ರೋಕರುಗಳು ಈಗಲೂ ಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾಲ್ಕು ತಿಂಗಳ ಹಿಂದೆ ಸರೋಜಳ ತಂಗಿ ಗಿರಿಜ ಮತ್ತು ಅವಳ ಗಂಡ ಪುಟ್ಟಸ್ವಾಮಿ ಬ್ಯಾಡರಹಳ್ಳಿಯಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡರು. ಅದೇ ಭಾನುವಾರ ನಾನು ಮಾಗಡಿಯ ಆಚೆ ಆರು ಚೌಕಗಳಿಗೆ ದಾರಿ ಹಾಕಿಕೊಂಡಿದ್ದೆ. "ಮಂಡಿ ನೋವು, ಹೆಜ್ಜೆ ಇಡೋಕಾಗ್ತಿಲ್ಲ ಅಂತ ಹೇಳ್ಬಿಡು" ಎಂದೆ. ಸರೋಜ ಎರಡು ದಿನ ಮಾತು ಬಿಟ್ಟಳು. ಕೊನೆಗೆ ಹೋಗಿ, ನೆಂಟರೆಲ್ಲರ ಎದುರು, ನನ್ನ ಮಂಡಿಯ ಬಗ್ಗೆ ಹೇಳಬಾರದ್ದನ್ನೆಲ್ಲ ಹೇಳಿ ಬಂದಳು. "ಹುಟ್ಟಿದಾಗಿಂದ ಗಿರಿಜನ ಹತ್ರ ಸುಳ್ಳು ಹೇಳಿದವಳಲ್ಲ ನಾನು. ಇನ್ಮೇಲೆ ಎಲ್ಲಿಗಾದ್ರೂ ತುಳ್ಕೊಂಡ್ ಹೋಗಿ, ಬ್ಯಾಡರಹಳ್ಳಿ ಕಡೆ ಮಾತ್ರ ತಲೆ ಹಾಕ್ಬೇಡಿ. ನನ್ನ ಮಾನ ಹೋಗತ್ತೆ" ಎಂದಳು. ನಾನು ಆಣೆ ಮಾಡಿದೆ. ಆ ರಾತ್ರಿ ಫೋನು ತೆಗೆದು ನೋಡಿದರೆ ಸುತ್ತಲೂ ನೀಲಿ, ನಟ್ಟನಡುವೆ ಒಂದೇ ಒಂದು ಬಿಳಿ ಚೌಕ. ಅದರೊಳಗೆ ಪುಟ್ಟಸ್ವಾಮಿಯ ಹೊಸ ಮನೆ.

ನಾಲ್ಕು ತಿಂಗಳು ಆ ಬಿಳಿ ಚೌಕ ನನ್ನನ್ನು ತಿಂದಿತು. ಪಾಠ ಮಾಡುವಾಗ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯಲ್ಲೂ ಅದೇ ಕಾಣುತ್ತಿತ್ತು. ಹೋದ ಭಾನುವಾರ ತಡೆಯಲಾರದೆ ಹೊರಟೆ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕಪ್ಪು ಕನ್ನಡಕ. ಚೌಕದ ಒಂದು ಮೂಲೆಗೆ ನುಗ್ಗಿ, ನೂರು ಮಾರು ಹೋಗಿ ತಿರುಗಿಬಿಡುವುದು ಎಂದು ಲೆಕ್ಕ ಹಾಕಿದ್ದೆ. ಆದರೂ ಬ್ಯಾಡರಹಳ್ಳಿ ಹತ್ತಿರವಾಗುತ್ತಿದ್ದಂತೆ ಎದುರಿಗೆ ಬಂದ ಪ್ರತಿ ಸ್ಕೂಟರಿನ ಮೇಲೂ ಪುಟ್ಟಸ್ವಾಮಿಯೇ ಕೂತಿದ್ದ. ಒಂದು ಅಡ್ಡರಸ್ತೆಯೊಳಗೆ ತಿರುಗಿ, ಬಣ್ಣ ಬಂತೋ ಇಲ್ಲವೋ ಎಂದು ಫೋನು ತೆಗೆದು ನೋಡುತ್ತ ನಿಂತೆ. ನೆಟ್‌ವರ್ಕ್ ಸುತ್ತುತ್ತಿತ್ತು. ಹಿಂದಿನಿಂದ ಯಾರೋ "ಯಾರ್ ಬೇಕಿತ್ತು ಸಾರ್?" ಎಂದರು. ಅಭ್ಯಾಸಬಲ, ಮಾಸ್ಕ್ ಕೆಳಗಿಳಿಸಿ, ತಿರುಗುತ್ತಲೇ "ಸೈಟ್ ನೋಡೋಕೆ ಬಂದೆ" ಎಂದೆ. ಎದುರಿಗೆ ಹಾಲಿನ ಪ್ಯಾಕೆಟ್ ಹಿಡಿದ ಪುಟ್ಟಸ್ವಾಮಿ!

"ಅಣ್ಣ! ಸೈಟ್ ಏನ್ ನೋಡ್ತೀರಾ, ಮನೆನೇ ಕಟ್ಟಾಯ್ತಲ್ಲ!" ಎಂದು ನನ್ನ ಕೈ ಹಿಡಿದುಕೊಂಡ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. "ಆ ಮಂಡಿ ಇಟ್ಕೊಂಡು ಸೈಕಲಲ್ಲಿ ಬಂದ್ರಾ? ನಮ್ಮ ಮನೆ ನೋಡೋಕೆ?" ಎನ್ನುತ್ತ ನನ್ನ ಮಂಡಿಯನ್ನೊಮ್ಮೆ ಬಗ್ಗಿ ನೋಡಿದ. ನಾನು ಇಲ್ಲ ಎನ್ನುವ ಮೊದಲೇ ಮನೆಗೆ ಎಳೆದುಕೊಂಡೇ ಹೋದ. ಮಂಡಿಯ ಕೆಳಗಿನವರೆಗೆ ಬಿಗಿದುಕೊಂಡಿದ್ದ ನನ್ನ ಸೈಕಲ್ ಚಡ್ಡಿಯನ್ನು ಬಾಗಿಲಲ್ಲೇ ನೋಡಿದ ಗಿರಿಜ, "ಅಯ್ಯೋ ಭಾವ, ಡಾಕ್ಟ್ರು ಇಷ್ಟು ಬಿಗಿಯಾಗಿ ಕಟ್ಟಿದಾರಾ?" ಎಂದು ಮರುಗಿದಳು. ನಾನು ಕುಂಟತೊಡಗಿದೆ. ಮಹಡಿ ಹತ್ತಿಸಲಿಲ್ಲ. ಸೋಫಾದ ಮೇಲೆ ಕೂರಿಸಿ, ಕಾಲಿನ ಕೆಳಗೆ ದಿಂಬಿಟ್ಟು, ಬಿಸಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಆಮೇಲೆ ಬೀರುವಿನಿಂದ ಒಂದು ಪಂಚೆ, ಒಂದು ಶರ್ಟ್ ಪೀಸ್ ತೆಗೆದು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟಳು. "ಅವತ್ತು ಅಕ್ಕನ ಕೈಲಿ ಕಳಿಸ್ಬಹುದಿತ್ತು. ಇವರೇ ಬೇಡ ಅಂದ್ರು. ಭಾವ ಬಂದೇ ಬರ್ತಾರೆ, ಕೈಗೇ ಕೊಡೋಣ ಅಂತ ಎತ್ತಿಟ್ಟಿದ್ರು." ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹೊರಟಾಗ ಪುಟ್ಟಸ್ವಾಮಿ ಸೈಕಲ್ ಮುಟ್ಟಗೊಡಲಿಲ್ಲ. ಅದನ್ನು ಬಿಚ್ಚಿ ಕಾರಿನ ಡಿಕ್ಕಿಗೆ ತುರುಕಿ, ನನ್ನನ್ನು ಮನೆಯವರೆಗೆ ಕರೆತಂದ. ಸರೋಜ ಬಾಗಿಲು ತೆರೆದಳು. ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈ ಪುಟ್ಟಸ್ವಾಮಿಯ ಹೆಗಲ ಮೇಲೆ, ಕುಂಟುತ್ತಿರುವ ಗಂಡ. ಒಂದು ಕ್ಷಣ ನೋಡಿ, "ಮಂಡಿ ಹೇಗಿದೆ?" ಎಂದಳು. ಆ ಎರಡು ಪದಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅವನು ಹೋದ ಮೇಲೆ ಫೋನು ತೆಗೆದೆ. ಗಾಬರಿಯಲ್ಲಿ ಆ್ಯಪ್ ನಿಲ್ಲಿಸುವುದನ್ನೇ ಮರೆತಿದ್ದೆ. ಕಾರಿನ ವೇಗವನ್ನು ಕಂಡ ಅದು, ಇದು ಸೈಕಲ್ ಸವಾರಿಯಲ್ಲ ಎಂದು ಬೆಳಗಿನಿಂದ ತುಳಿದದ್ದನ್ನೆಲ್ಲ ಅಳಿಸಿಹಾಕಿತ್ತು. ಚೌಕ ಬಿಳಿಯಾಗೇ ಇತ್ತು. ಅಷ್ಟು ನೀಲಿ ಚೌಕಗಳಲ್ಲಿ ಯಾರ ಮನೆಯೊಳಗೂ ಕೂತವನಲ್ಲ ನಾನು. ಊಟೋಪಚಾರ ಮಾಡಿಸಿಕೊಂಡ ಚೌಕವೊಂದು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಸರೋಜ ಆ ಪಂಚೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಬರೋ ಭಾನುವಾರ ಇಬ್ಬರೂ ಹೋಗಿ ನಿಜ ಹೇಳ್ಬಿಡೋಣ. ಬೈದ್ರೆ ಬೈಲಿ" ಎಂದಳು. ಆಗಲಿ ಎಂದು ತಕ್ಷಣ ಒಪ್ಪಿಕೊಂಡೆ. ಅವಳ ಕಣ್ಣು ತುಂಬಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. "ನಿಜ ಹೇಳೋಕೆ ಹೋಗೋನು ಆಟೋದಲ್ಲಿ ಹೋದ್ರೆ ಚೆನ್ನಾಗಿರಲ್ಲ ಕಣೇ. ನೀನು ಆಟೋದಲ್ಲಿ ಬಾ, ನಾನು ಸೈಕಲ್ಲಲ್ಲೇ ಬರ್ತೀನಿ" ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ದಿಟ್ಟಿಸಿ ನೋಡಿದಳು.

"ಬನ್ನಿ. ಫೋನ್ ಮನೇಲಿಟ್ಟು ಬನ್ನಿ."

ಇವತ್ತು ಗುರುವಾರ. ನಿನ್ನೆ ಸಂಜೆಯಿಂದ ಬಲಗಾಲಿನ ಮಂಡಿ ನಿಜವಾಗಿಯೂ ಹಿಡಿದುಕೊಂಡಿದೆ, ಹೆಜ್ಜೆ ಇಡಲಾಗುತ್ತಿಲ್ಲ. ಇದನ್ನು ಸರೋಜಳಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಕೂತಿದ್ದೇನೆ.